ಹಲ್ಲಿನ ಸಂದಿಯಲ್ಲಿ ಲೋಕ ಕಂಡ ಬಟ್ಟೆ ವ್ಯಾಪಾರಿ

ವಸಡಿನ ವೈದ್ಯರಾದ ನಮಗೊಬ್ಬ ಮೂಲಪುರುಷ ಬೇಕು ಎಂದಾದರೆ ನಾನು ಆರಿಸಿಕೊಳ್ಳುವುದು ವೈದ್ಯನನ್ನಲ್ಲ, ಬಟ್ಟೆ ವ್ಯಾಪಾರಿಯೊಬ್ಬನನ್ನು. ಆತ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ. ಆಗಿನ ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಬರುತ್ತಿರಲಿಲ್ಲ. ಹದಿನಾರನೇ ವಯಸ್ಸಿಗೆ ಊರು ಬಿಟ್ಟು, ಆರು ವರ್ಷ ದೊಡ್ಡ ಪಟ್ಟಣದಲ್ಲಿ ಕೆಲಸ ಕಲಿತು, ಮತ್ತೆ ಊರಿಗೇ ಮರಳಿ ತೊಂಬತ್ತು ವರ್ಷದವರೆಗೆ ಬದುಕಿದ. ಹೆಸರು ಆಂಟೋನಿ ವಾನ್ ಲೇವೆನ್‌ಹುಕ್. ಹೈಸ್ಕೂಲಿನಲ್ಲಿ ನಾವು ಲ್ಯೂವೆನ್‌ಹಾಕ್ ಎಂದು ಬಾಯಿಪಾಠ ಮಾಡಿದ್ದು ಇವನನ್ನೇ. ಸೂಕ್ಷ್ಮದರ್ಶಕ, ಎರಡು ಅಂಕ, ಮುಂದಿನ ಪ್ರಶ್ನೆ. ಅಲ್ಲಿಗೆ ಮುಗಿಯುತ್ತಿತ್ತು.

ನಾನು ಹುಟ್ಟಿದ್ದು ಗದಗದ ಕಡೆ, ಹಲ್ಲಿನ ವಿದ್ಯೆ ಕಲಿತದ್ದು ದಾವಣಗೆರೆಯಲ್ಲಿ, ಹದಿನೇಳು ವರ್ಷಗಳಿಂದ ಅನ್ನ ಕೊಡುತ್ತಿರುವುದು ಪುಣೆ. ದಾವಣಗೆರೆಯಲ್ಲಿ ಓದಿದವನಿಗೆ ಬಟ್ಟೆಯೂ ಹಲ್ಲೂ ಒಂದೇ ಊರಿನ ಕಸುಬು. ಮೊದಲು ಗಿರಣಿಗಳು ಬಂದವು, ಆಮೇಲೆ ದಂತ ಕಾಲೇಜುಗಳು. ಹಾಗಾಗಿ ನೂಲು ಎಣಿಸುತ್ತಿದ್ದವನೊಬ್ಬ ಹಲ್ಲಿನ ಸಂದಿಗೆ ಕಣ್ಣು ಹಾಯಿಸಿದ್ದು ನನಗೇನೂ ವಿಚಿತ್ರವಾಗಿ ಕಾಣಲಿಲ್ಲ.

ಲೇವೆನ್‌ಹುಕ್ ಹುಟ್ಟಿದ್ದು 1632ರ ಅಕ್ಟೋಬರ್ 24ರಂದು, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ಅದೇ ವರ್ಷ, ಅದೇ ಊರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಮುಂದೆ ಜಗತ್ಪ್ರಸಿದ್ಧನಾದ ಚಿತ್ರಕಾರ ವರ್ಮೀರ್‌ನ ನಾಮಕರಣವೂ ಆಯಿತು. ತಂದೆ ಬುಟ್ಟಿ ಹೆಣೆಯುವವನು. ಹುಡುಗನಿಗೆ ಐದಾರು ವರ್ಷವಾಗಿದ್ದಾಗ ತೀರಿಕೊಂಡ. 1648ರಲ್ಲಿ ಹುಡುಗನನ್ನು ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಕಳಿಸಿದರು. ಬಟ್ಟೆಯ ನೇಯ್ಗೆ ಎಷ್ಟು ಬಿಗಿ ಎಂದು ತಿಳಿಯಲು ವ್ಯಾಪಾರಿಗಳು ಆಗ ಚಿಕ್ಕ ಭೂತಗನ್ನಡಿ ಇಟ್ಟುಕೊಂಡು ಎಳೆ ಎಣಿಸುತ್ತಿದ್ದರು. ಈಗಲೂ ಇಚಲಕರಂಜಿಯ ಕಡೆಯ ವ್ಯಾಪಾರಿಗಳ ಜೇಬಿನಲ್ಲಿ ಮಡಚುವ ಅಂಥ ಗಾಜು ಇರುವುದನ್ನು ನಾನು ಕಂಡಿದ್ದೇನೆ. ಮಸೂರದ ಸಹವಾಸ ಆತನಿಗೆ ಹೀಗೆ ವ್ಯಾಪಾರದಿಂದ ಅಂಟಿಕೊಂಡದ್ದು.

1654ರಲ್ಲಿ ಊರಿಗೆ ಮರಳಿ, ಬಾರ್ಬರಾ ಎಂಬಾಕೆಯನ್ನು ಮದುವೆಯಾಗಿ, ಸ್ವಂತ ಅಂಗಡಿ ತೆರೆದ. ಐದು ಮಕ್ಕಳಾದವು. ಬದುಕಿ ಉಳಿದದ್ದು ಒಬ್ಬಳೇ ಮಗಳು, ಮರಿಯಾ. 1666ರಲ್ಲಿ ಹೆಂಡತಿಯೂ ಹೋದಳು. ಐದು ವರ್ಷದ ನಂತರ ಇನ್ನೊಂದು ಮದುವೆ. ಅಷ್ಟರಲ್ಲಿ ನಗರಸಭೆಯಲ್ಲಿ ಒಂದು ಚಿಕ್ಕ ಹುದ್ದೆಯೂ ಸಿಕ್ಕಿತ್ತು. ಅಧಿಕಾರಿಗಳ ಕೋಣೆಗಳ ಉಸ್ತುವಾರಿ, ಅಷ್ಟೇ. ಮುಂದೆ ಭೂಮಾಪನದ ಪರವಾನಗಿಯನ್ನೂ ಪಡೆದ, ಊರಿಗೆ ಬರುವ ವೈನ್ ಪೀಪಾಯಿಗಳನ್ನು ಅಳೆಯುವ ಕೆಲಸವನ್ನೂ ಮಾಡಿದ. ಸಂಬಳ ತಪ್ಪದೆ ಬರುತ್ತಿತ್ತು, ಸಮಯ ಧಾರಾಳವಾಗಿತ್ತು. ವಿಜ್ಞಾನಕ್ಕೆ ಬೇಕಾದ ಇವೆರಡೂ ಇಂದಿನ ಎಷ್ಟೋ ಸಂಶೋಧಕರಿಗೂ ಸಿಗುವುದಿಲ್ಲ.

ಆತನ ಉಪಕರಣ ನೋಡಿದವರಿಗೆ ಮೊದಲು ನಗು ಬರುತ್ತದೆ. ಅಂಗೈಯಲ್ಲಿ ಅಡಗುವ ಹಿತ್ತಾಳೆಯದೋ ಬೆಳ್ಳಿಯದೋ ತಗಡು. ಅದರ ನಡುವೆ ಸಾಸಿವೆಯಂಥ ಒಂದೇ ಒಂದು ಮಸೂರ. ಹಿಂದೆ ಒಂದು ಮುಳ್ಳು, ಅದರ ತುದಿಗೆ ನೋಡಬೇಕಾದ ವಸ್ತು. ತಿರುಪು ತಿರುಗಿಸುತ್ತ, ತಗಡನ್ನು ಕಣ್ಣಿಗೆ ಒತ್ತಿ ಹಿಡಿದು, ಬೆಳಕಿಗೆ ಮುಖ ಮಾಡಿ ನೋಡಬೇಕು. ಇಂಥ ಐನೂರಕ್ಕೂ ಹೆಚ್ಚು ಮಸೂರಗಳನ್ನು ಆತ ತನ್ನ ಕೈಯಿಂದಲೇ ಮಾಡಿದ. ಇಂದು ಉಳಿದಿರುವ ಬೆರಳೆಣಿಕೆಯ ಸೂಕ್ಷ್ಮದರ್ಶಕಗಳಲ್ಲಿ ಒಂದು ವಸ್ತುವನ್ನು ಇನ್ನೂರರವತ್ತು ಪಟ್ಟಿಗೂ ಹೆಚ್ಚು ಹಿಗ್ಗಿಸುತ್ತದೆ.

1673ರಲ್ಲಿ ಡೆಲ್ಫ್ಟಿನ ಯುವ ವೈದ್ಯ ರೆನಿಯರ್ ಡಿ ಗ್ರಾಫ್ ಈತನ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆಗ ಇಂಗ್ಲೆಂಡಿಗೂ ಹಾಲೆಂಡಿಗೂ ಯುದ್ಧ ನಡೆಯುತ್ತಿತ್ತು. ಕಾಗದ ಮಾತ್ರ ದಾಟಿತು. ಡಿ ಗ್ರಾಫ್ ಅದೇ ವರ್ಷ ತೀರಿಕೊಂಡ. ಆದರೆ ಆತ ಆರಂಭಿಸಿಕೊಟ್ಟ ಪತ್ರ ವ್ಯವಹಾರ ಐವತ್ತು ವರ್ಷ ನಡೆಯಿತು. ಬರೆದದ್ದೆಲ್ಲ ತಾಯ್ನುಡಿಯಾದ ಡಚ್‌ನಲ್ಲಿ. ಬೇಕಾದವರು ಅನುವಾದ ಮಾಡಿಕೊಳ್ಳಲಿ ಎಂಬ ಧೋರಣೆ. ಹೊರನಾಡಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ನನಗೆ ಆತನ ಈ ಹಟ ಸ್ವಲ್ಪ ಹೆಚ್ಚೇ ಇಷ್ಟ.

ಕರಿಮೆಣಸು ಯಾಕೆ ಖಾರ ಎಂಬ ಪ್ರಶ್ನೆ ಆತನನ್ನು ಕಾಡಿತ್ತು. ಕಾಳಿನಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿರಬೇಕು, ಅವು ನಾಲಿಗೆಗೆ ಚುಚ್ಚುತ್ತಿರಬೇಕು ಎಂದು ಊಹಿಸಿ ಮೆಣಸನ್ನು ನೀರಿನಲ್ಲಿ ನೆನೆಹಾಕಿದ. ಮುಳ್ಳು ಕಾಣಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ನೀರಿನ ತುಂಬ ಹರಿದಾಡುವ ಜೀವಿಗಳು. 1676ರ ಅಕ್ಟೋಬರಿನಲ್ಲಿ ಇದನ್ನು ಬರೆದು ಕಳಿಸಿದಾಗ ಲಂಡನ್ನಿನಲ್ಲಿ ನಂಬಿದವರು ಕಡಿಮೆ. ಆತ ಪಾದ್ರಿಗಳೂ ಸೇರಿದಂತೆ ಊರಿನ ಮಾನ್ಯರನ್ನು ಕರೆದು ತೋರಿಸಿ, ಅವರ ಸಾಕ್ಷಿಪತ್ರಗಳನ್ನೇ ಕಳಿಸಬೇಕಾಯಿತು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಸ್ವತಃ ಮೆಣಸಿನ ನೀರು ಮಾಡಿ ಸೊಸೈಟಿಯ ಸದಸ್ಯರಿಗೆ ತೋರಿಸಿದ ಮೇಲೆ ಬಾಯಿಗಳು ಮುಚ್ಚಿದವು. 1680ರಲ್ಲಿ ಬಟ್ಟೆ ವ್ಯಾಪಾರಿ ರಾಯಲ್ ಸೊಸೈಟಿಯ ಫೆಲೊ ಆದ. ಒಂದು ಸಭೆಗೂ ಹೋಗಲಿಲ್ಲ.

ನನಗೆ ಮುಖ್ಯವಾದ ಪತ್ರ ಬಂದದ್ದು ಇದಾದ ಮೂರು ವರ್ಷಕ್ಕೆ, 1683ರ ಸೆಪ್ಟೆಂಬರ್ 17ರಂದು. ಆಗ ಆತನಿಗೆ ಐವತ್ತು ತುಂಬಿತ್ತು. ಪತ್ರದಲ್ಲಿ ಮೊದಲು ತನ್ನ ಹಲ್ಲಿನ ಆರೈಕೆಯನ್ನು ವಿವರಿಸುತ್ತಾನೆ. ದಿನಾ ಬೆಳಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕಿ ನೀರಿನಿಂದ ಬಾಯಿ ಮುಕ್ಕಳಿಸುವುದು. ಉಂಡ ಮೇಲೆ ಹಲ್ಲುಕಡ್ಡಿಯಿಂದ ದವಡೆ ಹಲ್ಲಿನ ಸಂದಿ ಬಿಡಿಸುವುದು. ಬಟ್ಟೆಯಿಂದ ಬಲವಾಗಿ ಒರೆಸುವುದು. ಇದರಿಂದಾಗಿ ತನ್ನ ವಯಸ್ಸಿನವರಲ್ಲಿ ತನ್ನಷ್ಟು ಸ್ವಚ್ಛವಾದ ಬಿಳಿ ಹಲ್ಲು ಅಪರೂಪವೆಂದೂ, ಗಟ್ಟಿ ಉಪ್ಪಿನಿಂದ ಉಜ್ಜಿದರೂ ವಸಡಿನಲ್ಲಿ ರಕ್ತ ಬರುವುದಿಲ್ಲವೆಂದೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಉಪ್ಪು ಹಾಕಿ ಉಜ್ಜುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ವಸಡು ಸವೆದು ಬೇರು ಬಯಲಾಗುತ್ತದೆ. ಆದರೆ ಉಜ್ಜಿದಾಗ ರಕ್ತ ಬರುತ್ತದೋ ಇಲ್ಲವೋ ಎಂಬುದನ್ನೇ ವಸಡಿನ ಆರೋಗ್ಯದ ಗುರುತಾಗಿ ಹಿಡಿದ ಆತನ ಕಣ್ಣು ಎಷ್ಟು ಸರಿ ಎಂದರೆ, ಇಂದಿಗೂ ನಾವು ರೋಗಿಗೆ ಕೇಳುವ ಮೊದಲ ಪ್ರಶ್ನೆ ಅದೇ.

ಇಷ್ಟು ಶುಚಿಯಿದ್ದರೂ ಕೆಲವು ಹಲ್ಲುಗಳ ಸಂದಿಯಲ್ಲಿ ಕಲಸಿದ ಹಿಟ್ಟಿನಂಥ ಬಿಳಿ ವಸ್ತು ಉಳಿಯುವುದನ್ನು ಕನ್ನಡಿಯಲ್ಲಿ ಕಂಡ. ಕೆರೆದು ತೆಗೆದು, ಶುದ್ಧ ಮಳೆನೀರಿನಲ್ಲಿ ಬೆರೆಸಿ, ಮಸೂರದ ಕೆಳಗಿಟ್ಟ. ಜೀವ ತುಂಬಿ ತುಳುಕುತ್ತಿತ್ತು. ದೊಡ್ಡವು ನೀರಿನಲ್ಲಿ ಬೇಟೆ ಮೀನು ನುಗ್ಗಿದಂತೆ ನುಗ್ಗುತ್ತಿದ್ದವು. ಇನ್ನೊಂದು ಜಾತಿ ಬುಗುರಿಯಂತೆ ಗಿರಕಿ ಹೊಡೆಯುತ್ತಿತ್ತು. ಮತ್ತೊಂದು, ಸಂಜೆ ನುಸಿಗಳ ಗುಂಪಿನಂತೆ ಗಿಜಿಗುಟ್ಟುತ್ತಿತ್ತು. ಇವುಗಳ ಚಿತ್ರ ಬರೆಸಿ, ಒಂದು ಜೀವಿ ಸಾಗಿದ ದಾರಿಯನ್ನು ಚುಕ್ಕಿ ಚುಕ್ಕಿಯಾಗಿ ಗುರುತು ಮಾಡಿಸಿದ. ಮನುಷ್ಯನ ಬಾಯಿಯ ಬ್ಯಾಕ್ಟೀರಿಯಾಗಳ ಮೊದಲ ಚಿತ್ರ ಅದು.

ಒಬ್ಬನ ಬಾಯಿ ನೋಡಿ ತೀರ್ಮಾನಕ್ಕೆ ಬರುವ ಜಾಯಮಾನ ಆತನದಲ್ಲ. ದಿನವೂ ಬಾಯಿ ತೊಳೆಯುವ ಇಬ್ಬರು ಹೆಂಗಸರನ್ನು, ಎಂಟು ವರ್ಷದ ಮಗುವೊಂದನ್ನು, ಇಬ್ಬರು ಮುದುಕರನ್ನು ಪರೀಕ್ಷಿಸಿದ. ಮುದುಕರಲ್ಲಿ ಒಬ್ಬ ಹೆಂಡ, ಹೊಗೆಸೊಪ್ಪು ಮುಟ್ಟದ ಸಾಧು ಪ್ರಾಣಿ. ಆದರೆ ಜನ್ಮದಲ್ಲಿ ಒಮ್ಮೆಯೂ ಹಲ್ಲು ತಿಕ್ಕಿದವನಲ್ಲ. ಅವನ ಹಲ್ಲಿನ ಕೊಳೆಯಲ್ಲಿ ಕಂಡ ಜೀವಿಗಳ ಸಂಖ್ಯೆಯೂ ಚುರುಕೂ ಲೇವೆನ್‌ಹುಕ್ ಅದುವರೆಗೆ ಎಲ್ಲೂ ನೋಡಿರದಂಥದು. ಇನ್ನೊಬ್ಬ ಬೆಳಗ್ಗೆ ಬ್ರಾಂದಿ, ಮಧ್ಯಾಹ್ನದ ಮೇಲೆ ವೈನು ಮತ್ತು ತಂಬಾಕು ಎಂದು ದಿನ ಕಳೆಯುವ ಆಸಾಮಿ. ಹಲ್ಲನ್ನು ನೀರಿನಿಂದ ತೊಳೆದೇ ಇಲ್ಲ, ಮದ್ಯದಿಂದ ಮಾತ್ರ ದಿನಾ ತೊಳೆಯುತ್ತೇನೆ ಎಂದನಂತೆ. ಇಷ್ಟು ಮದ್ಯದಲ್ಲಿ ಜೀವಿಗಳು ಬದುಕಿಯಾವೇ ಎಂಬುದು ಲೇವೆನ್‌ಹುಕ್‌ನ ಕುತೂಹಲ. ಹಲ್ಲಿನ ಮೇಲ್ಮೈಯಲ್ಲಿ ತೀರಾ ಕಡಿಮೆ ಇದ್ದವು. ಮುಂದಿನ ಹಲ್ಲುಗಳ ಸಂದಿಯಿಂದ ಎಳೆದು ತೆಗೆದದ್ದರಲ್ಲಿ ಹೆಚ್ಚು ಇದ್ದವು. ದವಡೆ ಹಲ್ಲಿನ ಸಂದಿ ನೋಡೋಣವೆಂದರೆ ಆ ಮುದುಕನಿಗೆ ದವಡೆ ಹಲ್ಲು ಒಂದೂ ಉಳಿದಿರಲಿಲ್ಲ.

ಕೊನೆಯ ಪ್ರಯೋಗ ತನ್ನ ಬಾಯಿಯಲ್ಲೇ. ತೀಕ್ಷ್ಣವಾದ ವಿನೆಗರ್ ಬಾಯಿಗೆ ಹಾಕಿಕೊಂಡು, ಹಲ್ಲು ಕಚ್ಚಿ, ಚೆನ್ನಾಗಿ ಮುಕ್ಕಳಿಸಿ, ಆಮೇಲೆ ನೀರಿನಿಂದ ತೊಳೆದ. ನಂತರ ಕೊಳೆ ಕೆರೆದು ನೋಡಿದರೆ ಜೀವಿಗಳು ಲೆಕ್ಕವಿಲ್ಲದಷ್ಟು ಬದುಕೇ ಇದ್ದವು. ಆದರೆ ಕೆರೆದು ನೀರಿನಲ್ಲಿ ಕದಡಿದ ಕೊಳೆಗೆ ಒಂದಿಷ್ಟೇ ವಿನೆಗರ್ ಸೇರಿಸಿದಾಗ ಎಲ್ಲವೂ ಆಗಲೇ ಸತ್ತವು. ಆತ ತೆಗೆದ ತೀರ್ಮಾನ ಇಷ್ಟು: ಬಾಯಿಗೆ ಹಾಕಿದ ವಿನೆಗರ್ ಕೊಳೆಯ ಹೊರಪದರದಲ್ಲಿದ್ದವನ್ನು ಮಾತ್ರ ಕೊಂದಿದೆ, ಒಳಗೆ ಇಳಿದಿಲ್ಲ.

ನನ್ನ ಕಸುಬಿನ ಅರ್ಧ ಈ ಒಂದು ತೀರ್ಮಾನದಲ್ಲಿದೆ. ಹಲ್ಲಿನ ಮೇಲೆ ಕೂರುವ ಕೊಳೆ, ನಾವು ಪ್ಲಾಕ್ ಎನ್ನುವುದು, ಉಳಿದ ಅನ್ನದ ಚೂರಲ್ಲ. ಅದು ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಕಟ್ಟಿಕೊಂಡ ಪದರ, ಕೆರೆಯ ಮೆಟ್ಟಿಲಿನ ಪಾಚಿಯ ಹಾಗೆ. ಪಾಚಿಯ ಮೇಲೆ ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ, ಉಜ್ಜಬೇಕು. ಪುಣೆಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ನೀಲಿ, ಹಸಿರು ಬಣ್ಣದ ಮೌತ್‌ವಾಶ್ ಬಾಟಲಿ ತೋರಿಸಿ, ದಿನಕ್ಕೆ ಎರಡು ಸಲ ಹಾಕುತ್ತೇವೆ ಎನ್ನುವಾಗ ನನಗೆ ಆ ಬ್ರಾಂದಿ ಮುದುಕನ ನೆನಪಾಗುತ್ತದೆ. ಕ್ಲೋರ್‌ಹೆಕ್ಸಿಡಿನ್‌ನಂಥ ಔಷಧಕ್ಕೆ ಅದರದೇ ಜಾಗವಿದೆ. ಶಸ್ತ್ರಚಿಕಿತ್ಸೆಯ ನಂತರ ಬ್ರಶ್ ಮಾಡಲಾಗದ ದಿನಗಳಲ್ಲಿ ಹೊಸ ಪದರ ಕಟ್ಟದಂತೆ ಅದು ತಡೆಯುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದಾಗುತ್ತದೆ. ಹಳೆಯ ಪದರದೊಳಗೆ ಇಳಿಯಲು ಮಾತ್ರ ಅದಕ್ಕೂ ಕಷ್ಟ.

ಉಜ್ಜದೆ ಬಿಟ್ಟ ಪದರ ಕೆಲವೇ ದಿನಗಳಲ್ಲಿ ಎಂಜಲಿನ ಕ್ಯಾಲ್ಸಿಯಂ ಹೀರಿ ಗಟ್ಟಿಯಾಗತೊಡಗುತ್ತದೆ. ಇದೇ ಕಿಟ್ಟ. ಇದನ್ನು ಬ್ರಶ್ ತೆಗೆಯಲಾರದು. ವಸಡು ಕೆಂಪಾಗಿ ಊದಿ ರಕ್ತ ಜಿನುಗುವುದು ಮೊದಲ ಹಂತ. ಇಲ್ಲಿ ಸ್ವಚ್ಛ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ. ಬಿಟ್ಟರೆ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಡಿಸಿಕೊಂಡು ಜೇಬಿನಂತೆ ತೆರೆದುಕೊಳ್ಳುತ್ತದೆ, ಒಳಗೆ ಮೂಳೆ ಕರಗುತ್ತದೆ. ಆರೋಗ್ಯವಂತ ವಸಡಿನ ಅಂಚಿನಲ್ಲಿ ಮೂರು ಮಿಲಿಮೀಟರಿನವರೆಗೆ ಇಳಿಯುವ ನಮ್ಮ ಅಳತೆ ಕಡ್ಡಿ ಇಲ್ಲಿ ಆರು, ಏಳು ಇಳಿಯುತ್ತದೆ. ಹಳಬರು ಪಯೋರಿಯಾ ಎನ್ನುತ್ತಿದ್ದದ್ದು ಇದನ್ನೇ. ನೋವೇ ಇರುವುದಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ಸಿಗರೇಟು ಸೇದುವವರಲ್ಲಿ, ಇಲ್ಲಿಯವರ ಹಾಗೆ ಮಿಶ್ರಿ ತಿಕ್ಕುವವರಲ್ಲಿ ರಕ್ತವೂ ಕಡಿಮೆ ಕಾಣಬಹುದು, ರೋಗ ಒಳಗೊಳಗೇ ಜಾಸ್ತಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರಲು ತಕರಾರು ಮಾಡುತ್ತದೆ.

ಚಿಕಿತ್ಸೆಯೂ ಡೆಲ್ಫ್ಟಿನವನ ತರ್ಕದ್ದೇ: ಪದರವನ್ನು ಒಡೆದು ತೆಗೆಯುವುದು. ಸ್ಕೇಲಿಂಗ್, ಆಳದಲ್ಲಿದ್ದರೆ ಮರಗಟ್ಟಿಸಿ ಬೇರಿನ ಮೇಲ್ಮೈ ಶುದ್ಧ ಮಾಡುವುದು, ಕೆಲವು ವಾರ ಬಿಟ್ಟು ಮತ್ತೆ ಅಳೆಯುವುದು, ಅಷ್ಟಕ್ಕೂ ಆಳ ಉಳಿದ ಕಡೆ ವಸಡು ಬಿಡಿಸಿ ಶಸ್ತ್ರಚಿಕಿತ್ಸೆ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಎಂಬ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸಮ. ಸಂದಿ ಮೊದಲೇ ಇತ್ತು, ಕಿಟ್ಟ ಮತ್ತು ಊತ ಅದನ್ನು ಮುಚ್ಚಿದ್ದವು. ರಕ್ತ ಬರುತ್ತದೆಂದು ಆ ಜಾಗಕ್ಕೆ ಬ್ರಶ್ ತಾಗಿಸದೆ ಬಿಡುವುದು ಇನ್ನೊಂದು ಅಭ್ಯಾಸ. ಅಲ್ಲಿಯೇ ಬ್ರಶ್ ಬೇಕಾದದ್ದು, ಮೃದುವಾಗಿ, ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ತಾಗಿಸಿ. ಸಂದಿಗೆ ದಾರ, ಸಂದಿ ಅಗಲವಿದ್ದರೆ ಪುಟ್ಟ ಇಂಟರ್‌ಡೆಂಟಲ್ ಬ್ರಶ್.

ಊರು ಬಿಟ್ಟವರಲ್ಲಿ ನಾನು ಕಾಣುವ ಇನ್ನೊಂದು ತೊಡಕಿದೆ. ನೋವಿಲ್ಲದ ಕಾಯಿಲೆಯನ್ನು ನಾವು ಊರಿಗೆ ಹೋದಾಗ ತೋರಿಸೋಣ ಎಂದು ಮುಂದೂಡುತ್ತೇವೆ. ದೀಪಾವಳಿಗೆ ಹುಬ್ಬಳ್ಳಿಯಲ್ಲಿ ಅರ್ಧ ಬಾಯಿ ಸ್ವಚ್ಛ, ಇನ್ನರ್ಧ ಯುಗಾದಿಗೆ. ವಸಡಿನ ಚಿಕಿತ್ಸೆ ಒಂದು ದಿನದ್ದಲ್ಲ, ರೋಗ ಆಳಕ್ಕೆ ಇಳಿದವರಿಗೆ ಮೂರು ತಿಂಗಳಿಗೊಮ್ಮೆ ನೋಡಿಸುವುದೂ ಅದರ ಭಾಗ. ದುಡಿಯುವ ಊರಿನಲ್ಲೇ ಒಬ್ಬರನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಅವರು ಅಳೆದ ಲೆಕ್ಕದ ಹಾಳೆಯನ್ನು ಫೋನಿನಲ್ಲಿ ಇಟ್ಟುಕೊಂಡರೆ ವರ್ಗವಾಗಿ ಹೈದರಾಬಾದಿಗೆ ಹೋದರೂ ಮುಂದಿನವರಿಗೆ ಆಧಾರ ಸಿಗುತ್ತದೆ.

ಲೇವೆನ್‌ಹುಕ್ ಇಷ್ಟೆಲ್ಲ ಕಂಡರೂ ಈ ಜೀವಿಗಳಿಂದಲೇ ವಸಡು ಕೆಡುತ್ತದೆ ಎಂದು ಆ ಪತ್ರದಲ್ಲಿ ಹೇಳಲಿಲ್ಲ. ಒಂದು ರಾಜ್ಯದ ಜನರಿಗಿಂತ ಹೆಚ್ಚು ಪ್ರಾಣಿಗಳು ಒಂದು ಬಾಯಿಯಲ್ಲಿವೆ ಎಂಬ ಬೆರಗೇ ಆತನಿಗೆ ಸಾಕಾಗಿತ್ತು. ಮನೆಗೆ ಬಂದ ಹೆಂಗಸರು ವಿನೆಗರಿನಲ್ಲಿ ಹರಿದಾಡುವ ಹುಳು ನೋಡಿಯೇ ಇನ್ನು ಅದನ್ನು ಮುಟ್ಟುವುದಿಲ್ಲ ಎಂದಿದ್ದರು. ಅವರಿಗೆ ಬಾಯಿಯ ಸಂಗತಿ ತಿಳಿಸಿದರೆ ಏನು ಗತಿ ಎಂದು ತಮಾಷೆ ಮಾಡುತ್ತಾನೆ. ಕಾಯಿಲೆಗೆ ಕೊಂಡಿ ಬೀಳದೆ ಹೋದದ್ದಕ್ಕೆ ಕಾಲವೂ ಕಾರಣ, ಆತನ ಸ್ವಭಾವವೂ ಕಾರಣ ಎಂಬುದು ನನ್ನ ಎಣಿಕೆ. ತನ್ನ ಒಳ್ಳೆಯ ಮಸೂರಗಳನ್ನು ಯಾರ ಕೈಗೂ ಕೊಡಲಿಲ್ಲ. ಅತಿ ಸೂಕ್ಷ್ಮವಾದದ್ದನ್ನು ನೋಡುವ ವಿಧಾನವನ್ನು ಹೇಳಿಕೊಡಲಿಲ್ಲ. ಶಿಷ್ಯರನ್ನು ತಯಾರು ಮಾಡಲಿಲ್ಲ. ಆತ ಸತ್ತ ಮೇಲೆ ಆ ಲೋಕದ ಬಾಗಿಲು ನೂರು ವರ್ಷಕ್ಕೂ ಮೇಲ್ಪಟ್ಟು ಹೆಚ್ಚುಕಡಿಮೆ ಮುಚ್ಚೇ ಇತ್ತು. ಈ ನಡುವೆ ಪ್ಯಾರಿಸ್ಸಿನ ಪಿಯರ್ ಫೋಶಾರ್ 1728ರ ತನ್ನ ಪುಸ್ತಕದಲ್ಲಿ ಕಿಟ್ಟ ತೆಗೆಯಬೇಕೆಂದು ಬರೆದ. 1819ರಲ್ಲಿ ಅಮೆರಿಕದ ಪಾರ್ಮ್ಲಿ ಎಂಬ ದಂತವೈದ್ಯ ಸಂದಿಗೆ ಮೇಣ ಹಚ್ಚಿದ ರೇಷ್ಮೆ ದಾರ ಎಳೆಯಿರಿ ಎಂದ. ಬಟ್ಟೆ ವ್ಯಾಪಾರಿಗೆ ಹೊಳೆಯಬೇಕಿದ್ದ ಉಪಾಯ! ಆದರೆ ಇವರ ಕೆಲಸಕ್ಕೂ ಆ ಹರಿದಾಡುವ ಜೀವಿಗಳಿಗೂ ನಂಟು ಹಾಕಿದವರು ಯಾರೂ ಇರಲಿಲ್ಲ.

ಅನುಮಾನಕ್ಕೆ ಎಡೆಯಿಲ್ಲದಂತೆ ನಂಟು ಬೆಸೆದದ್ದು 1965ರಲ್ಲಿ. ಡೆನ್ಮಾರ್ಕಿನ ಆರ್‌ಹಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅದೇ ಲೋ ಮುಂದೆ ಶ್ರೀಲಂಕಾದ ಚಹಾ ತೋಟಗಳಲ್ಲಿ 480 ತಮಿಳು ಕಾರ್ಮಿಕರ ಬಾಯಿಯನ್ನು ವರ್ಷಗಟ್ಟಲೆ ಗಮನಿಸಿದರು. ಹಲ್ಲುಜ್ಜುವ ರೂಢಿ, ವೈದ್ಯರ ಆಸರೆ ಎರಡೂ ಇಲ್ಲದ ಜನ. ಅವರಲ್ಲಿ ಶೇಕಡ 8ರಷ್ಟು ಮಂದಿಗೆ ರೋಗ ಭರದಿಂದ ಬೆಳೆದು ಹಲ್ಲುಗಳು ಉದುರಿದವು. ಶೇಕಡ 11ರಷ್ಟು ಮಂದಿಗೆ ವಸಡಿನ ಊತ ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ಉಳಿದವರದು ನಡುವಿನ ಸ್ಥಿತಿ. ನಮ್ಮಜ್ಜ ಹಲ್ಲೇ ಉಜ್ಜುತ್ತಿರಲಿಲ್ಲ, ಎಂಬತ್ತರಲ್ಲೂ ಕಬ್ಬು ಕಡಿಯುತ್ತಿದ್ದ ಎನ್ನುವವರ ಅಜ್ಜ ಈ ಹನ್ನೊಂದರಲ್ಲಿ ಒಬ್ಬ. ಮೊಮ್ಮಗ ಯಾವ ಗುಂಪು ಎಂದು ಬಾಯಿ ತೆರೆಸದೆ ಹೇಳಲಾಗದು.

ಲೇವೆನ್‌ಹುಕ್ ಹಲ್ಲಿನ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. 1692ರಲ್ಲಿ ಮತ್ತೆ ತನ್ನ ಮುಂದಿನ ಹಲ್ಲಿನ ಕೊಳೆ ನೋಡಿದಾಗ ಜೀವಿಗಳು ಕಾಣಲಿಲ್ಲ. ಯೋಚಿಸಿದಾಗ ಹೊಳೆದದ್ದು, ಬೆಳಗ್ಗೆ ಮೈ ಬೆವರುವಷ್ಟು ಬಿಸಿ ಕಾಫಿ ಕುಡಿಯುವ ತನ್ನ ಹೊಸ ಅಭ್ಯಾಸ. ಬಿಸಿಗೆ ಸತ್ತಿರಬೇಕು ಎಂದು ಊಹಿಸಿ, ಬಿಸಿ ಅಷ್ಟಾಗಿ ತಾಗದ ದವಡೆ ಹಲ್ಲಿನದನ್ನು ತೆಗೆದು ನೋಡಿದರೆ ಅಲ್ಲಿ ಎಂದಿನಂತೆ ಗಿಜಿಗಿಜಿ. ಫಿಲ್ಟರ್ ಕಾಫಿಯ ಪಕ್ಷಪಾತಿಯಾದ ನಾನು ಇದನ್ನು ಮೊದಲ ಸಲ ಓದಿದಾಗ ಅರ್ಧ ಸಾಲು ಸಂತೋಷಪಟ್ಟಿದ್ದೆ.

1694ರಲ್ಲಿ ಎರಡನೇ ಹೆಂಡತಿ ತೀರಿಕೊಂಡಳು. ಮದುವೆಯಾಗದೆ ಉಳಿದ ಮರಿಯಾ ಮನೆ ನೋಡಿಕೊಂಡಳು. 1698ರಲ್ಲಿ ರಷ್ಯಾದ ದೊರೆ ಪೀಟರ್ ಡೆಲ್ಫ್ಟಿಗೆ ಬಂದಾಗ ಬಟ್ಟೆ ವ್ಯಾಪಾರಿ ಅವನಿಗೆ ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ತೋರಿಸಿದ. ಕೊನೆಯ ದಿನಗಳಲ್ಲಿ ವಪೆ ಅದುರುವ ವಿಚಿತ್ರ ಕಾಯಿಲೆ ಹತ್ತಿಕೊಂಡಿತು. ಅದರ ಲಕ್ಷಣಗಳನ್ನೂ ಬರೆಸಿ ಲಂಡನ್ನಿಗೆ ಕಳಿಸಿದ. ಆ ಕಾಯಿಲೆಗೆ ಇಂದಿಗೂ ಆತನ ಹೆಸರೇ ಇದೆ. 1723ರ ಆಗಸ್ಟ್ 26ರಂದು ಸತ್ತಾಗ ತೊಂಬತ್ತು ದಾಟಿತ್ತು. ತಂದೆಯ ಇಚ್ಛೆಯಂತೆ ಮರಿಯಾ 26 ಬೆಳ್ಳಿಯ ಸೂಕ್ಷ್ಮದರ್ಶಕಗಳ ಪೆಟ್ಟಿಗೆಯನ್ನು ರಾಯಲ್ ಸೊಸೈಟಿಗೆ ತಲುಪಿಸಿದಳು. ಉಳಿದ ನೂರಾರನ್ನು ಅವಳು ಸತ್ತ ಮೇಲೆ, 1747ರಲ್ಲಿ, ಡೆಲ್ಫ್ಟಿನಲ್ಲಿ ಹರಾಜು ಹಾಕಿದರು. ಲಂಡನ್ನಿನ 26 ಹತ್ತೊಂಬತ್ತನೇ ಶತಮಾನದಲ್ಲಿ ಕಾಣೆಯಾದವು. ಡಚ್‌ನಲ್ಲಿ ಬರೆದ ಪತ್ರಗಳು ಮಾತ್ರ ಅಲ್ಲಿ ಇನ್ನೂ ಇವೆ.